ಅಳಿಸಿದ ಫೈಲು ಟ್ರ್ಯಾಶ್‌ನಲ್ಲೂ ಸಿಗದಿದ್ದರೆ: ಸೆಂಡ್2ಟ್ರ್ಯಾಶ್ ದೋಷ ಪತ್ತೆ ಮಾಡುವ ಬಗೆ

"ಅಣ್ಣಾ, ಹಳೇ ಫೈಲೆಲ್ಲ ಟ್ರ್ಯಾಶಿಗೆ ಹೋಗ್ಯಾವೆ ಅಂತ ನಿಮ್ಮ ಪ್ರೋಗ್ರಾಮು ಹೇಳತೈತಿ. ಟ್ರ್ಯಾಶ್ ತೆಗೆದು ನೋಡಿದ್ರೆ ಖಾಲಿ ಐತಲ್ಲ?"

ದಾವಣಗೆರೆಯ ಡಿಟಿಪಿ ಅಂಗಡಿಗಳಿಂದ ನನಗೆ ಬರುವ ಕರೆಗಳಲ್ಲಿ ಇದೇ ಮಾತು ಜಾಸ್ತಿ. ಅಶೋಕ ರಸ್ತೆ, ಮಂಡಿಪೇಟೆ ಕಡೆಯ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ದುಗ್ಗಮ್ಮನ ಜಾತ್ರೆಯ ಕರಪತ್ರ, ಫ್ಲೆಕ್ಸು ಎಂದು ಡಿಸ್ಕು ಬೇಗ ತುಂಬುತ್ತದೆ. ಅದಕ್ಕೆ ಹಳೆಯ ಆರ್ಡರುಗಳನ್ನು ತೆಗೆದುಹಾಕುವ ಸಣ್ಣ ಪೈಥಾನ್ ಪ್ರೋಗ್ರಾಮು ಇಟ್ಟುಕೊಂಡಿರುತ್ತಾರೆ. ಅದರೊಳಗೆ ಕೆಲಸ ಮಾಡುವುದು ಸೆಂಡ್2ಟ್ರ್ಯಾಶ್ ಎಂಬ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು.

ಪೈಥಾನಿನ ಓಎಸ್.ರಿಮೂವ್ ಬಳಸಿದರೆ ಫೈಲು ನೇರವಾಗಿ ಹೋಗುತ್ತದೆ. ಸೆಂಡ್2ಟ್ರ್ಯಾಶ್ ಹಾಗಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಆಯಾ ಸಿಸ್ಟಮ್ಮಿನ ಟ್ರ್ಯಾಶಿಗೆ ಫೈಲನ್ನು ಕಳಿಸುತ್ತದೆ. ಆದರೆ ಅದು ಮಾಡುವುದು ಕಳಿಸುವ ಕೆಲಸ ಮಾತ್ರ. ವಾಪಸ್ ತರುವ ಫಂಕ್ಷನ್ ಅದರಲ್ಲಿ ಇಲ್ಲ. ವಾಪಸ್ ತರಬೇಕಾದರೆ ಫೈಲ್ ಮ್ಯಾನೇಜರಿನಿಂದ ತರಬೇಕು, ಇಲ್ಲವೇ ಕೈಯಾರೆ ತರಬೇಕು.

ಇನ್ನೊಂದು ವಿಷಯ ಗಟ್ಟಿಯಾಗಿ ತಿಳಿದುಕೊಳ್ಳಿ. ಒಂದು ಕಂಪ್ಯೂಟರಿಗೆ ಒಂದೇ ಟ್ರ್ಯಾಶ್ ಎಂಬುದು ನಿಜವಲ್ಲ. ಪ್ರತಿ ಯೂಸರಿಗೂ ಬೇರೆ, ಪ್ರತಿ ಡಿಸ್ಕಿಗೂ ಬೇರೆ. ಕಳೆದುಹೋಯಿತು ಎಂದುಕೊಂಡ ಫೈಲು ಬಹಳ ಸಲ ಸುರಕ್ಷಿತವಾಗಿಯೇ ಇರುತ್ತದೆ, ನಾವು ನೋಡುತ್ತಿರುವ ಟ್ರ್ಯಾಶ್ ಬೇರೆಯದಾಗಿರುತ್ತದೆ. ಕೆಲವು ಜಾಗಗಳಲ್ಲಿ ಮಾತ್ರ ಟ್ರ್ಯಾಶೇ ಇರುವುದಿಲ್ಲ, ಅಲ್ಲಿ ಹೋದದ್ದು ಹೋದಂತೆಯೇ. ನಿಮ್ಮದು ಇವೆರಡರಲ್ಲಿ ಯಾವುದು ಎಂದು ಮೊದಲು ತಿಳಿಯಬೇಕು.

ಅದು ತಿಳಿಯುವವರೆಗೆ ಏನನ್ನೂ ಮುಟ್ಟಬೇಡಿ. ಟ್ರ್ಯಾಶ್ ಖಾಲಿ ಮಾಡಬೇಡಿ. ಪ್ರೋಗ್ರಾಮನ್ನು ಸುಮ್ನೆ ಇನ್ನೊಂದು ಸಲ ಓಡಿಸಿ ನೋಡೋಣ ಎನ್ನಬೇಡಿ. ಅದೇ ಡಿಸ್ಕಿಗೆ ಹೊಸ ಫೈಲು ಕಾಪಿ ಮಾಡಬೇಡಿ. ಫೈಲು ನಿಜವಾಗಿಯೇ ಅಳಿಸಿಹೋಗಿದ್ದರೆ ರಿಕವರಿ ಸಾಫ್ಟ್‌ವೇರಿಗೆ ಉಳಿದಿರುವ ಅವಕಾಶ ಆ ಖಾಲಿ ಜಾಗ ಒಂದೇ.

ಮೂರು ಪ್ರಶ್ನೆ

ಪ್ರೋಗ್ರಾಮನ್ನು ಓಡಿಸಿದ ಯೂಸರ್ ಯಾರು? ಫೈಲು ಯಾವ ಡಿಸ್ಕಿನಲ್ಲಿತ್ತು? ಪ್ರೋಗ್ರಾಮು ಕಳಿಸಿದ ಪೂರ್ತಿ ಪಾತ್, ಅಂದರೆ ಫೈಲಿನ ವಿಳಾಸ, ಏನು? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಪ್ರೋಗ್ರಾಮು ಬರೆಯುವವರು ಪ್ರತಿ ಫೈಲನ್ನು ಕಳಿಸುವ ಮೊದಲು ಈ ಮೂರನ್ನೂ ಲಾಗ್ ಫೈಲಿಗೆ ಬರೆಸಿಬಿಡಿ. ನಾಲ್ಕು ಸಾಲಿನ ಕೆಲಸ, ಆಮೇಲೆ ಉಳಿಸುವ ತಲೆನೋವು ಬಹಳ.

ಲಿನಕ್ಸಿನಲ್ಲಿ ಫೈಲು ಎಲ್ಲಿಗೆ ಹೋಗುತ್ತದೆ

ಫೈಲು ನಿಮ್ಮ ಹೋಮ್ ಫೋಲ್ಡರ್ ಇರುವ ಡಿಸ್ಕಿನಲ್ಲೇ ಇದ್ದರೆ, ಅದು ಹೋಮ್ ಒಳಗಿನ .ಲೋಕಲ್/ಶೇರ್/ಟ್ರ್ಯಾಶ್ ಎಂಬ ಜಾಗಕ್ಕೆ ಹೋಗುತ್ತದೆ. ಬೇರೆ ಡಿಸ್ಕಿನಲ್ಲಿದ್ದರೆ ಆ ಡಿಸ್ಕಿನ ತುದಿಯಲ್ಲೇ, ಅಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲಿ, .ಟ್ರ್ಯಾಶ್-1000 ಎಂಬ ಫೋಲ್ಡರ್ ಹುಟ್ಟುತ್ತದೆ. 1000 ಎಂಬುದು ಯೂಸರ್ ನಂಬರು. ಉಬುಂಟುವಿನಲ್ಲಿ ಮೊದಲು ಮಾಡಿದ ಯೂಸರಿಗೆ 1000, ಎರಡನೆಯವರಿಗೆ 1001. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಇವು ಮಾಮೂಲಿಯಾಗಿ ಕಾಣುವುದಿಲ್ಲ. ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಎಚ್ ಒತ್ತಿದರೆ ಕಾಣುತ್ತವೆ.

ಇಷ್ಟು ಗೊತ್ತಿದ್ದರೆ ಸಾಕು, ಬಹಳಷ್ಟು ದೂರುಗಳು ತಾವಾಗಿಯೇ ಬಗೆಹರಿಯುತ್ತವೆ.

ಸುಡೋ ಹಾಕಿ, ಅಂದರೆ ಸಿಸ್ಟಮ್ಮಿನ ಪೂರ್ತಿ ಅಧಿಕಾರ ಇರುವ ರೂಟ್ ಯೂಸರಾಗಿ ಓಡಿಸಿದ್ದರೆ, ಫೈಲು ರೂಟ್ ಯೂಸರಿನ ಟ್ರ್ಯಾಶಿಗೆ ಹೋಗಿರುತ್ತದೆ. ನಿಮ್ಮ ಪರದೆಯ ಟ್ರ್ಯಾಶ್ ಖಾಲಿ ಕಾಣುವುದು ಸಹಜ. ರೂಟ್ ಯೂಸರಿನ ಹೆಸರಲ್ಲಿ ಕ್ರಾನ್ (ಹೊತ್ತಿಗೆ ಸರಿಯಾಗಿ ಪ್ರೋಗ್ರಾಮನ್ನು ತಾನೇ ಓಡಿಸುವ ವ್ಯವಸ್ಥೆ) ಇಟ್ಟು ರಾತ್ರಿ ಹೊತ್ತು ಓಡಿಸುವವರಿಗೂ ಇದೇ ಆಗುತ್ತದೆ. ಕ್ರಾನ್ ಅನ್ನು ಅಂಗಡಿಯ ಯೂಸರಿನ ಹೆಸರಿಗೇ ಹಾಕಿ. ಸುಡೋ ಇಲ್ಲದೆ ಓಡುವುದಿಲ್ಲ ಎಂದರೆ ಅದು ಪರ್ಮಿಶನ್ ತೊಂದರೆ, ಅದನ್ನು ಬೇರೆಯಾಗಿ ಸರಿಮಾಡಿ.

ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇಟ್ಟುಕೊಂಡಿರುವ ಅಂಗಡಿಗಳೂ ಇವೆ. ಕೆಲಸದ ಫೈಲೆಲ್ಲ ಡಿ ಡ್ರೈವಿನಲ್ಲಿ. ಉಬುಂಟುವಿನಿಂದ ಅಳಿಸಿದ ಫೈಲು ಡಿ ಡ್ರೈವಿನ .ಟ್ರ್ಯಾಶ್-1000 ಒಳಗೆ ಕೂತಿರುತ್ತದೆ. ಆಮೇಲೆ ವಿಂಡೋಸ್ ಚಾಲೂ ಮಾಡಿ ರೀಸೈಕಲ್ ಬಿನ್ ತೆಗೆದರೆ ಅಲ್ಲಿ ಏನೂ ಇಲ್ಲ. ಇವರ ಟ್ರ್ಯಾಶ್ ಅವರಿಗೆ ಗೊತ್ತಿಲ್ಲ, ಅವರದು ಇವರಿಗೆ ಗೊತ್ತಿಲ್ಲ. ಡಿ ಡ್ರೈವನ್ನೇ ತೆರೆದು ಆ ಫೋಲ್ಡರಿನೊಳಗೆ ನೋಡಿದರೆ ಫೈಲು ಸಿಗುತ್ತದೆ.

ಗಿರಾಕಿಗಳ ಪೆನ್‌ಡ್ರೈವಿನದು ಇನ್ನೊಂದು ಬಗೆ. ನಿಮ್ಮ ಲಿನಕ್ಸಿನಲ್ಲಿ ಪೆನ್‌ಡ್ರೈವಿನ ಫೈಲು ಅಳಿಸಿದರೆ .ಟ್ರ್ಯಾಶ್-1000 ಪೆನ್‌ಡ್ರೈವಿನಲ್ಲೇ ಹುಟ್ಟುತ್ತದೆ. ಜಾಗವೂ ಖಾಲಿ ಆಗುವುದಿಲ್ಲ. ಗಿರಾಕಿ ಮನೆಗೆ ಹೋಗಿ ವಿಂಡೋಸಿನಲ್ಲಿ ಹಾಕಿದಾಗ ಆ ಫೋಲ್ಡರ್ ಮುಚ್ಚುಮರೆ ಇಲ್ಲದೆ ಕಾಣುತ್ತದೆ, ಏಕೆಂದರೆ ಚುಕ್ಕಿ ಇದ್ದರೆ ಬಚ್ಚಿಡಬೇಕು ಎಂಬ ನಿಯಮ ವಿಂಡೋಸಿಗಿಲ್ಲ. "ನಿಮ್ಮ ಅಂಗಡಿಯಿಂದ ವೈರಸ್ ಬಂದೈತಿ" ಎಂಬ ಜಗಳ ಶುರುವಾಗುವುದು ಇಲ್ಲಿಂದಲೇ. ವೈರಸ್ಸೂ ಅಲ್ಲ, ಏನೂ ಅಲ್ಲ. ಪೆನ್‌ಡ್ರೈವ್ ಕೊಡುವ ಮೊದಲು, ಅದು ಇನ್ನೂ ಸಿಕ್ಕಿಸಿರುವಾಗಲೇ, ಅದರ ಟ್ರ್ಯಾಶ್ ನೋಡಿ ಖಾಲಿ ಮಾಡಿಕೊಡಿ. ನನ್ನ ಮಟ್ಟಿಗೆ ಹೇಳುವುದಾದರೆ, ಗಿರಾಕಿಯ ಪೆನ್‌ಡ್ರೈವಿನಲ್ಲಿ ಯಾವ ಪ್ರೋಗ್ರಾಮೂ ಏನನ್ನೂ ಅಳಿಸಬಾರದು. ಕಾಪಿ ಮಾಡಿಕೊಳ್ಳಿ, ಬಿಟ್ಟುಬಿಡಿ.

ದಾವಣಗೆರೆ, ಚಿತ್ರದುರ್ಗದ ಇಂಜಿನಿಯರಿಂಗ್ ಹುಡುಗರು ಕೇಳುವ ಪ್ರಶ್ನೆ ಬೇರೆ: ಟರ್ಮಿನಲ್‌ನಲ್ಲಿ ಓಡಿಸಿದರೆ ಟ್ರ್ಯಾಶಿನಲ್ಲಿ ಕಾಣುತ್ತದೆ, ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ಒಳಗಿಂದ ಓಡಿಸಿದರೆ ಕಾಣುವುದಿಲ್ಲ, ಯಾಕೆ? ವಿಎಸ್ ಕೋಡನ್ನು ಸ್ನ್ಯಾಪ್ ಪ್ಯಾಕೇಜಾಗಿ (ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕಿಕೊಳ್ಳುವ ಒಂದು ಬಗೆ) ಹಾಕಿಕೊಂಡಿದ್ದೀರಾ ನೋಡಿ. ಹಾಗಿದ್ದರೆ ಪ್ರೋಗ್ರಾಮುಗಳು ಡೇಟಾ ಎಲ್ಲಿಡಬೇಕು ಎಂದು ಹೇಳುವ ಎಕ್ಸ್‌ಡಿಜಿ ಡೇಟಾ ಹೋಮ್ ಎಂಬ ವೇರಿಯಬಲ್ ಸ್ನ್ಯಾಪಿನ ಸ್ವಂತ ಫೋಲ್ಡರಿಗೆ ತಿರುಗಿರಬಹುದು. ಲೈಬ್ರರಿ ಆ ವೇರಿಯಬಲ್ಲನ್ನು ನಂಬಿ ಅಲ್ಲೇ ಒಂದು ಟ್ರ್ಯಾಶ್ ಕಟ್ಟಿಕೊಳ್ಳುತ್ತದೆ. ಹೋಮ್ ಒಳಗೆ ಸ್ನ್ಯಾಪ್, ಅದರೊಳಗೆ ಕೋಡ್, ಅದರೊಳಗೆ ಒಂದು ನಂಬರಿನ ಫೋಲ್ಡರ್, ಅದರೊಳಗಿನ .ಲೋಕಲ್/ಶೇರ್ ಒಳಗೆ ಹುಡುಕಿ. ಅಲ್ಲಿ ತುಂಬಿದ ಟ್ರ್ಯಾಶನ್ನು ಮಾಮೂಲಿ 'ಖಾಲಿ ಮಾಡು' ಬಟನ್ ಮುಟ್ಟುವುದಿಲ್ಲ, ಡಿಸ್ಕು ಸದ್ದಿಲ್ಲದೆ ತುಂಬುತ್ತಾ ಹೋಗುತ್ತದೆ. ಡಾಕರ್ ಕಂಟೇನರಿನಲ್ಲಿ, ಅಂದರೆ ಪ್ರತ್ಯೇಕ ಡಬ್ಬಿಯಂಥ ಜಾಗದಲ್ಲಿ, ಓಡಿಸಿದರೂ ಹೀಗೇ, ಹೋಮ್ ಎಂದರೆ ಕಂಟೇನರಿನ ಹೋಮ್. ಕಂಟೇನರನ್ನು ತೆಗೆದುಹಾಕಿದಾಗ ಅದರೊಳಗಿನ ಟ್ರ್ಯಾಶೂ ಹೋಗುತ್ತದೆ.

ಟ್ರ್ಯಾಶ್‌ಪರ್ಮಿಶನ್‌ಎರರ್ ಬಂದರೆ

ಈ ಎರರಿನ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಆ ಡಿಸ್ಕಿನಲ್ಲಿ ಟ್ರ್ಯಾಶ್ ಕಟ್ಟಲು ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ, ಕಾರಣ ಪರ್ಮಿಶನ್ ಆಗಿರಲೇಬೇಕು ಎಂದಿಲ್ಲ.

ಲಿನಕ್ಸಿನಲ್ಲಿ ಈ ಲೈಬ್ರರಿಗೆ ಎರಡು ದಾರಿ ಇವೆ. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮಿನ ಫೈಲ್ ಲೈಬ್ರರಿ ಜಿಐಒ ಸಿಕ್ಕರೆ ಕೆಲಸವನ್ನು ಅದಕ್ಕೇ ಒಪ್ಪಿಸುತ್ತದೆ. ಸಿಗದಿದ್ದರೆ ಲಿನಕ್ಸ್ ಡೆಸ್ಕ್‌ಟಾಪುಗಳು ಪಾಲಿಸುವ ಫ್ರೀಡೆಸ್ಕ್‌ಟಾಪ್ ನಿಯಮದ ಪ್ರಕಾರ ತಾನೇ ಮಾಡುತ್ತದೆ. ಸಿಸ್ಟಮ್ಮಿನ ಪೈಥಾನಿಗೆ ಜಿಐಒ ಸಾಮಾನ್ಯವಾಗಿ ಸಿಗುತ್ತದೆ. ವರ್ಚುವಲ್ ಎನ್ವಿರಾನ್ಮೆಂಟ್ (ಒಂದು ಪ್ರೋಗ್ರಾಮಿಗೇ ಪ್ರತ್ಯೇಕವಾದ ಪೈಥಾನ್) ಮಾಡಿಕೊಂಡರೆ ಸಾಮಾನ್ಯವಾಗಿ ಸಿಗುವುದಿಲ್ಲ. ಹಾಗಾಗಿ ಅದೇ ಕಂಪ್ಯೂಟರು, ಅದೇ ಪ್ರೋಗ್ರಾಮು, ಆದರೂ ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ಎರರ್ ಕೊಡುತ್ತದೆ. ಈ ಒಂದು ವಿಷಯ ತಿಳಿಯದೆ ಇಡೀ ದಿನ ಕಳೆದವರನ್ನು ನೋಡಿದ್ದೇನೆ. ಎರಡು ಜಾಗದಲ್ಲಿ ಎರಡು ರೀತಿ ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಜಿಐಒ ದಾರಿಯಲ್ಲಿ, ಟೆಂಪ್ ಅಥವಾ ಆಪ್ಟ್‌ನಂಥ ಸಿಸ್ಟಮ್ ಫೋಲ್ಡರು ಬೇರೆ ಮೌಂಟ್ ಆಗಿದ್ದರೆ, ಅಂದರೆ ಬೇರೆ ಡಿಸ್ಕಿನಂತೆ ಸೇರಿಕೊಂಡಿದ್ದರೆ, ಅಲ್ಲಿ ಟ್ರ್ಯಾಶ್ ಮಾಡಲು ಅದು ಒಪ್ಪುವುದಿಲ್ಲ. ಅದೂ ಇದೇ ಎರರಾಗಿ ಕಾಣುತ್ತದೆ. ಟೆಂಪ್ ಒಳಗೆ ಟೆಸ್ಟ್ ಮಾಡುವವರು ಎಡವುವುದು ಇಲ್ಲೇ. ಟೆಸ್ಟಿನ ಫೈಲನ್ನು ಹೋಮ್ ಒಳಗೆ ಮಾಡಿ, ಸರಿಹೋಗುತ್ತದೆ.

ಸ್ವಂತ ದಾರಿಯಲ್ಲಾದರೆ ಕಾರಣ ನಿಜವಾಗಿ ಪರ್ಮಿಶನ್ನೇ ಇರಬೇಕು. ಎರಡನೇ ಹಾರ್ಡ್‌ಡಿಸ್ಕನ್ನು ರೂಟ್ ಹೆಸರಲ್ಲಿ ಮೌಂಟ್ ಮಾಡಿ, ಒಳಗಿನ ಒಂದು ಫೋಲ್ಡರನ್ನು ಮಾತ್ರ ಅಂಗಡಿಯ ಯೂಸರಿಗೆ ಕೊಟ್ಟಿರುತ್ತಾರೆ. ಫೈಲು ಬರೆಯಲು ತೊಂದರೆ ಇಲ್ಲ. ಆದರೆ .ಟ್ರ್ಯಾಶ್-1000 ಹುಟ್ಟಬೇಕಾದದ್ದು ಡಿಸ್ಕಿನ ತುದಿಯಲ್ಲಿ, ಅಲ್ಲಿ ಬರೆಯಲು ಈ ಯೂಸರಿಗೆ ಹಕ್ಕಿಲ್ಲ. ಪರಿಹಾರ ಸುಲಭ. ರೂಟ್ ಆಗಿ ಒಂದೇ ಸಲ ಆ ತುದಿಯಲ್ಲಿ .ಟ್ರ್ಯಾಶ್ ಎಂಬ ಫೋಲ್ಡರ್ ಮಾಡಿ, ಅದಕ್ಕೆ 1777 ಪರ್ಮಿಶನ್ ಕೊಡಿ. ಮೊದಲಿನ 1 ಮುಖ್ಯ, ಅದು ಸ್ಟಿಕಿ ಬಿಟ್, ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸದಂತೆ ತಡೆಯುವ ಗುರುತು. ಅದಿಲ್ಲದ ಫೋಲ್ಡರನ್ನು ಲೈಬ್ರರಿ ನಂಬುವುದಿಲ್ಲ. ಸಿಮ್‌ಲಿಂಕ್ (ಬೇರೆ ಜಾಗಕ್ಕೆ ಕೈ ತೋರಿಸುವ ಕೊಂಡಿ) ಆಗಿದ್ದರೂ ನಂಬುವುದಿಲ್ಲ. ಸರಿಯಾಗಿದ್ದರೆ ಪ್ರತಿ ಯೂಸರಿಗೂ ಅದರೊಳಗೆ ಅವರವರ ನಂಬರಿನ ಫೋಲ್ಡರ್ ತಾನಾಗಿ ಹುಟ್ಟುತ್ತದೆ.

ಓದಲು ಮಾತ್ರ ಎಂದು ಗುರುತಾದ ಫೈಲುಗಳಿಗೆ 'ಪರ್ಮಿಶನ್ ಡಿನೈಡ್' ಬರುವುದು ಬೇರೆ ವಿಷಯ. ಸಿಡಿಯಿಂದ ಕಾಪಿ ಮಾಡಿಕೊಂಡ ಹಳೆಯ ಡಿಸೈನುಗಳು ಹೀಗೆ ಇರುತ್ತವೆ. ಲಿನಕ್ಸಿನಲ್ಲಿ ಆರ್‌ಎಂ ಕಮಾಂಡಿಗೆ ಫೋಲ್ಡರಿನ ಪರ್ಮಿಶನ್ ಇದ್ದರೆ ಸಾಕು. ಲೈಬ್ರರಿ ಮಾತ್ರ ತನ್ನ ಸ್ವಂತ ದಾರಿಯಲ್ಲಿ ಆ ಫೈಲಿಗೇ ಬರೆಯುವ ಹಕ್ಕಿದೆಯೇ ಎಂದು ಮೊದಲು ನೋಡುತ್ತದೆ, ಇಲ್ಲದಿದ್ದರೆ ನಿಂತುಬಿಡುತ್ತದೆ. ಫೈಲಿಗೆ ಬರೆಯುವ ಹಕ್ಕು ಕೊಟ್ಟು ಮತ್ತೆ ಕಳಿಸಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ತೆರೆದು ನೋಡಿದ ಪ್ರೋಗ್ರಾಮುಗಳಲ್ಲಿ ಎಲ್ಲಕ್ಕಿಂತ ಅಪಾಯದ ಸಾಲು ಯಾವುದೆಂದರೆ, ಎಕ್ಸೆಪ್ಟ್ ಎಂದು ಬರೆದು ಅದರ ಕೆಳಗೆ ಓಎಸ್.ರಿಮೂವ್ ಹಾಕುವುದು. ಟ್ರ್ಯಾಶಿಗೆ ಹೋಗದಿದ್ದರೆ ಪೂರ್ತಿ ಅಳಿಸಿಬಿಡು ಎಂದು ಹೇಳಿದ ಹಾಗೆ. ಬರೆದವರಿಗೆ ಕೆಲಸ ನಿಲ್ಲಬಾರದು ಎಂಬ ಆಸೆ. ಆದರೆ ಪರ್ಮಿಶನ್ ಕೆಟ್ಟ ದಿನ ಅಂಗಡಿಯವರ ಇಡೀ ವರ್ಷದ ಡಿಸೈನು ಒಂದೇ ಓಟದಲ್ಲಿ ಹೋಗುತ್ತದೆ, ಪರದೆಯ ಮೇಲೆ 'ಯಶಸ್ವಿ' ಎಂದೇ ಬರುತ್ತದೆ. ಎರರ್ ಬಂದರೆ ಫೈಲು ಇದ್ದಲ್ಲೇ ಇರಲಿ. ಲಾಗ್ ಬರೆದು ಮುಂದಿನ ಫೈಲಿಗೆ ಹೋಗಿ. ಕಳೆದುಹೋದ ಫೈಲನ್ನು ಹುಡುಕುವಾಗ ನಾನು ಕೋಡಿನಲ್ಲಿ ಮೊದಲು ನೋಡುವುದು ಈ ಸಾಲು ಇದೆಯೇ ಎಂದು.

ಕನ್ನಡ ಹೆಸರಿನ ಉದ್ದ

'ಫೈಲ್ ನೇಮ್ ಟೂ ಲಾಂಗ್', ಎರರ್ ನಂಬರ್ 36. ಇಂಗ್ಲಿಷ್ ಹೆಸರಿಡುವವರಿಗೆ ಇದು ಅಪರೂಪ, ನಮಗೆ ಅಷ್ಟೇನೂ ಅಪರೂಪವಲ್ಲ.

ಲಿನಕ್ಸಿನ ಮಾಮೂಲಿ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ರಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಚಿಹ್ನೆ ಎಂದರೆ ಅಕ್ಷರವಲ್ಲ: ಗುಣಿತದ ಗುರುತು ಬೇರೆ, ಒತ್ತು ಮೂಡಿಸುವ ಹಲಂತ ಬೇರೆ. 'ಲಗ್ನಪತ್ರಿಕೆ' ಎಂಬುದು ಕಣ್ಣಿಗೆ 5 ಅಕ್ಷರ. ಕಂಪ್ಯೂಟರಿಗೆ ಅದು 11 ಚಿಹ್ನೆ, 33 ಬೈಟ್. 'ಚಿತ್ರದುರ್ಗ' 4 ಅಕ್ಷರ, 30 ಬೈಟ್. ಒತ್ತಕ್ಷರ ಬೇಡವೆಂದು ಮಧ್ಯೆ ಹಾಕುವ, ಕಣ್ಣಿಗೇ ಕಾಣದ ಗುರುತಿಗೂ 3 ಬೈಟ್.

ಈಗ ಟ್ರ್ಯಾಶಿನ ಕಡೆ ಬನ್ನಿ. ಪ್ರತಿ ಫೈಲಿಗೂ ಅದೇ ಹೆಸರಿನ ಇನ್ನೊಂದು ಪುಟ್ಟ ಫೈಲು ಹುಟ್ಟುತ್ತದೆ, ಕೊನೆಗೆ .ಟ್ರ್ಯಾಶ್‌ಇನ್ಫೋ ಎಂಬ ಬಾಲ. ಇಂಗ್ಲಿಷಿನಲ್ಲಿ ಆ ಬಾಲಕ್ಕೆ ಚುಕ್ಕಿ ಸೇರಿ 10 ಬೈಟ್. ಹಾಗಾಗಿ ಲೈಬ್ರರಿಯ ಸ್ವಂತ ದಾರಿಯಲ್ಲಿ ನಿಜವಾದ ಮಿತಿ 245. ವರನ ಹೆಸರು, ವಧುವಿನ ಹೆಸರು, ಕಲ್ಯಾಣ ಮಂಟಪ, ತಾರೀಖು ಎಲ್ಲ ಸೇರಿಸಿ ಹೆಸರಿಟ್ಟ ಲಗ್ನಪತ್ರಿಕೆ 250 ಬೈಟ್ ಆಯಿತು ಎನ್ನಿ. ಫೈಲು ಸೇವ್ ಆಗುತ್ತದೆ, ತೆರೆಯುತ್ತದೆ, ಪ್ರಿಂಟ್ ಆಗುತ್ತದೆ. ಟ್ರ್ಯಾಶಿಗೆ ಮಾತ್ರ ಹೋಗುವುದಿಲ್ಲ. ಸದ್ಯ, ಇದರಲ್ಲಿ ಫೈಲು ಕಳೆದುಹೋಗುವುದಿಲ್ಲ, ಇದ್ದಲ್ಲೇ ಉಳಿಯುತ್ತದೆ.

ಹೆಸರನ್ನು ಯುಟಿಎಫ್-8ಗೆ ತಿರುಗಿಸಿ ಉದ್ದ ಅಳೆಯಿರಿ. ಪೈಥಾನಿನಲ್ಲಿ ಸುಮ್ನೆ ಲೆನ್ ಹಾಕಿದರೆ ಚಿಹ್ನೆಗಳ ಲೆಕ್ಕ ಬರುತ್ತದೆ, ಬೈಟಿನ ಲೆಕ್ಕ ಬರುವುದಿಲ್ಲ. ಮೊದಲು ಎನ್‌ಕೋಡ್ ಮಾಡಿ ಆಮೇಲೆ ಲೆನ್ ಹಾಕಿ. ಟ್ರ್ಯಾಶಿನಲ್ಲಿ ಅದೇ ಹೆಸರಿನ ಫೈಲು ಆಗಲೇ ಇದ್ದರೆ ಹೆಸರಿಗೆ 1, 2 ಎಂದು ಸೇರುತ್ತದೆ, ಅದಕ್ಕೂ ಒಂದಿಷ್ಟು ಜಾಗ ಬಿಡಿ. 230ರ ಒಳಗಿದ್ದರೆ ನೆಮ್ಮದಿ.

ಟ್ರ್ಯಾಶ್‌ಇನ್ಫೋ ಓದಿ ಕೈಯಾರೆ ವಾಪಸ್ ತರುವುದು

ಟ್ರ್ಯಾಶ್ ಒಳಗೆ ಎರಡು ಫೋಲ್ಡರ್ ಇರುತ್ತವೆ: ಫೈಲ್ಸ್ ಮತ್ತು ಇನ್ಫೋ. ನಿಜವಾದ ಫೈಲು ಮೊದಲನೆಯದರಲ್ಲಿ, ಅದರ ವಿಳಾಸ ಎರಡನೆಯದರಲ್ಲಿ. ಇನ್ಫೋ ಒಳಗಿನ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಮೂರೇ ಸಾಲು: ಒಂದು ತಲೆಬರಹ, ಪಾತ್, ಅಳಿಸಿದ ತಾರೀಖು ಮತ್ತು ಹೊತ್ತು.

ಪಾತ್ ಸಾಲು ನೋಡಿ ಗಾಬರಿಯಾಗಬೇಡಿ. ಕನ್ನಡ ಹೆಸರಿನ ಜಾಗದಲ್ಲಿ ಪರ್ಸೆಂಟ್ ಗುರುತುಗಳ ದೊಡ್ಡ ಸಾಲೇ ಇರುತ್ತದೆ. ಫೈಲು ಕೆಟ್ಟಿದೆ ಎಂದುಕೊಂಡು ಇದನ್ನು ಅಳಿಸಿದವರಿದ್ದಾರೆ. ಕೆಟ್ಟಿಲ್ಲ, ನಿಯಮವೇ ಹಾಗೆ. ಕನ್ನಡದ ಚಿಹ್ನೆ ಪ್ರತಿಯೊಂದೂ %ಇ0%ಬಿ2 ಅಥವಾ %ಇ0%ಬಿ3 ಎಂದು ಶುರುವಾಗುತ್ತದೆ. 'ಕ' ಎಂದರೆ %ಇ0%ಬಿ2%95. ಪೈಥಾನಿನ ಯುಆರ್‌ಎಲ್‌ಲಿಬ್ ಒಳಗಿನ ಅನ್‌ಕೋಟ್ ಫಂಕ್ಷನ್ನಿಗೆ ಆ ಸಾಲು ಕೊಟ್ಟರೆ ಕನ್ನಡ ಹೆಸರು ಮೊದಲಿನ ಹಾಗೆ ಬರುತ್ತದೆ. ಬೇರೆ ಡಿಸ್ಕಿನ ಟ್ರ್ಯಾಶ್ ಆದರೆ ಪಾತ್ ಆ ಡಿಸ್ಕಿನ ತುದಿಯಿಂದ ಶುರುವಾಗಿರುತ್ತದೆ, ಅದನ್ನು ನೆನಪಿಡಿ.

ಫೈಲ್ಸ್ ಫೋಲ್ಡರಿನ ಹೆಸರನ್ನು ಮಾತ್ರ ನಂಬಬೇಡಿ. 'ಕರಪತ್ರ' ಎಂಬ ಹೆಸರಿನ ಫೈಲುಗಳನ್ನು ಬೇರೆ ಬೇರೆ ಗಿರಾಕಿಗಳ ಫೋಲ್ಡರಿನಿಂದ ಅಳಿಸಿದ್ದರೆ ಅಲ್ಲಿ 'ಕರಪತ್ರ', 'ಕರಪತ್ರ 1', 'ಕರಪತ್ರ 2' ಎಂದಿರುತ್ತವೆ. ಯಾವುದು ಯಾರದು ಎಂದು ಹೇಳುವುದು ಇನ್ಫೋ ಮಾತ್ರ. ಇನ್ನೊಂದು, ಪ್ರೋಗ್ರಾಮು ಗಿರಾಕಿಯ ಇಡೀ ಫೋಲ್ಡರನ್ನೇ ಕಳಿಸಿದ್ದರೆ ಆ ಫೋಲ್ಡರಿಗೆ ಒಂದೇ ಇನ್ಫೋ ಇರುತ್ತದೆ. ಒಳಗಿನ ಪಿಡಿಎಫ್ ಹೆಸರನ್ನು ಇನ್ಫೋದಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ಫೈಲ್ಸ್ ಒಳಗೆ ಆ ಫೋಲ್ಡರನ್ನು ತೆರೆದು ನೋಡಿ.

ಹಳೆಯ ಜಾಗದಲ್ಲಿ ಅದೇ ಹೆಸರಿನ ಹೊಸ ಫೈಲು ಇದೆಯೇ ನೋಡಿಕೊಂಡು ಆಮೇಲೆ ವಾಪಸ್ ಸರಿಸಿ. ಇಲ್ಲದಿದ್ದರೆ ಇವತ್ತಿನ ಕೆಲಸದ ಮೇಲೆ ಹಳೆಯದು ಕೂರುತ್ತದೆ. ಫೈಲು ಸರಿಯಾಗಿ ತೆರೆಯಿತು ಎಂದ ಮೇಲೆ ಇನ್ಫೋ ಅಳಿಸಿ.

ಇನ್ಫೋ ಇದೆ, ಜೊತೆಯ ಫೈಲಿಲ್ಲ ಎಂದರೆ ಕೆಲಸದ ಮಧ್ಯೆ ಕರೆಂಟ್ ಹೋಗಿರಬಹುದು. ಮೊದಲು ಇನ್ಫೋ ಬರೆದು, ಆಮೇಲೆ ಫೈಲು ಸರಿಸುವುದು ಕ್ರಮ. ಅಂಥ ಕಡೆ ಫೈಲು ತನ್ನ ಹಳೆಯ ಜಾಗದಲ್ಲೇ ಇದೆಯೇ ನೋಡಿ.

ವಿಂಡೋಸಿನಲ್ಲಿ ಹೆಚ್ಚು ಭಯ ಪಡಬೇಕಾದ ಜಾಗ

ಲಿನಕ್ಸಿನಲ್ಲಿ ಆಗದಿದ್ದರೆ ಎರರ್ ಆದರೂ ಬರುತ್ತದೆ. ವಿಂಡೋಸಿನಲ್ಲಿ ಫೈಲು ಸದ್ದಿಲ್ಲದೆ ಪೂರ್ತಿ ಅಳಿಯಬಹುದು.

ಅಂಗಡಿಯಲ್ಲಿ ಎರಡು ಮೂರು ಸಿಸ್ಟಮ್ ಇದ್ದು, ಒಂದರ ಫೋಲ್ಡರನ್ನು ಉಳಿದವು ನೆಟ್‌ವರ್ಕ್ ಡ್ರೈವಾಗಿ ಬಳಸುವುದು ಸಾಮಾನ್ಯ. ನೆಟ್‌ವರ್ಕ್ ಡ್ರೈವಿಗೆ ರೀಸೈಕಲ್ ಬಿನ್ ಇಲ್ಲ. ಕೈಯಿಂದ ಡಿಲೀಟ್ ಒತ್ತಿದರೆ 'ಪೂರ್ತಿ ಅಳಿಸಲೇ?' ಎಂದು ವಿಂಡೋಸ್ ಕೇಳುತ್ತದೆ. ಲೈಬ್ರರಿ ಆ ಕೇಳುವಿಕೆಯನ್ನು ಬಂದ್ ಮಾಡಿಯೇ ಕೆಲಸ ಕೊಡುತ್ತದೆ, ಏಕೆಂದರೆ ಪ್ರೋಗ್ರಾಮು ಓಡುವಾಗ ಉತ್ತರ ಕೊಡಲು ಯಾರೂ ಕೂತಿರುವುದಿಲ್ಲ. ಪೆನ್‌ಡ್ರೈವಿಗೂ ಸಾಮಾನ್ಯವಾಗಿ ರೀಸೈಕಲ್ ಬಿನ್ ಇರುವುದಿಲ್ಲ. ಬಿನ್ನಿಗೆ ಇಟ್ಟ ಮಿತಿಗಿಂತ ದೊಡ್ಡ ಫೈಲು ಅದರಲ್ಲಿ ಹಿಡಿಯುವುದಿಲ್ಲ, ದೊಡ್ಡ ಫ್ಲೆಕ್ಸ್ ಡಿಸೈನುಗಳಿಗೆ ಈ ಅಪಾಯವಿದೆ. ರೀಸೈಕಲ್ ಬಿನ್ನಿನ ಪ್ರಾಪರ್ಟೀಸ್ ತೆರೆದು, 'ಬಿನ್ನಿಗೆ ಹಾಕಬೇಡ, ತಕ್ಷಣ ಅಳಿಸು' ಎಂಬ ಆಯ್ಕೆ ಯಾವ ಡ್ರೈವಿಗೂ ಆನ್ ಆಗಿಲ್ಲ ಎಂದು ನೋಡಿಕೊಳ್ಳಿ. ಅದು ಪ್ರತಿ ಡ್ರೈವಿಗೂ ಬೇರೆ ಬೇರೆ.

ಕಳಿಸುವ ಮೊದಲು ಡ್ರೈವಿನ ಬಗೆ ಕೇಳಿ ತಿಳಿಯಿರಿ. ವಿಂಡೋಸಿನ ಗೆಟ್‌ಡ್ರೈವ್‌ಟೈಪ್ ಫಂಕ್ಷನ್ 3 ಕೊಟ್ಟರೆ ಒಳಗಿನ ಹಾರ್ಡ್‌ಡಿಸ್ಕಿನಂಥ ಸ್ಥಿರ ಡಿಸ್ಕು, 2 ಕೊಟ್ಟರೆ ತೆಗೆಯಬಹುದಾದ ಡ್ರೈವು, 4 ಕೊಟ್ಟರೆ ನೆಟ್‌ವರ್ಕ್. 3 ಅಲ್ಲದಿದ್ದರೆ ಸೆಂಡ್2ಟ್ರ್ಯಾಶ್ ಕರೆಯಲೇಬೇಡಿ. ಅದೇ ಡ್ರೈವಿನಲ್ಲಿ 'ತೆಗೆದದ್ದು' ಎಂಬ ಫೋಲ್ಡರ್ ಮಾಡಿ, ತಾರೀಖಿನ ಹೆಸರಿನಲ್ಲಿ ಅಲ್ಲಿಗೆ ಸರಿಸಿ. ನೋಡಲು ಚೆಂದವಿಲ್ಲ, ಆದರೆ ಫೈಲು ಉಳಿಯುತ್ತದೆ.

ಒಳಗಿನ ಡಿಸ್ಕಿನಲ್ಲೇ ಅಳಿಸಿದ್ದು ಕಾಣದಿದ್ದರೆ ಮತ್ತೆ ಯೂಸರ್ ಪ್ರಶ್ನೆ. ಟಾಸ್ಕ್ ಶೆಡ್ಯೂಲರಿನಲ್ಲಿ ಸಿಸ್ಟಮ್ ಹೆಸರಲ್ಲಿ ಓಡಿಸಿದ್ದರೆ ಫೈಲು ಎಸ್-1-5-18 ಎಂಬ ಫೋಲ್ಡರಿಗೆ ಹೋಗಿರುತ್ತದೆ, ನಿಮ್ಮ ಬಿನ್ ಅದನ್ನು ತೋರಿಸುವುದಿಲ್ಲ. ಆ ಡ್ರೈವಿನ ಡಾಲರ್ ಗುರುತಿನ ರೀಸೈಕಲ್.ಬಿನ್ ಫೋಲ್ಡರನ್ನು ಅಡ್ಮಿನ್ ಆಗಿ ತೆರೆಯಿರಿ. ಅಲ್ಲಿ ಡಾಲರ್-ಐ ಎಂದು ಶುರುವಾಗುವುದು ವಿಳಾಸ, ಡಾಲರ್-ಆರ್ ಎಂದು ಶುರುವಾಗುವುದು ನಿಜವಾದ ಫೈಲು. ಹೆಸರಿನ ಉಳಿದ ಭಾಗ ಎರಡಕ್ಕೂ ಒಂದೇ.

ಮ್ಯಾಕಿನಲ್ಲೂ ಕಥೆ ಇದೇ. ಹೋಮ್ ಡಿಸ್ಕಿಗೆ ಒಂದು .ಟ್ರ್ಯಾಶ್, ಬೇರೆ ಡಿಸ್ಕುಗಳ ತುದಿಯಲ್ಲಿ .ಟ್ರ್ಯಾಶಸ್, ಅದರೊಳಗೆ ಯೂಸರ್ ನಂಬರು.

ಅಂಗಡಿಗೆ ಕೊಡುವ ಮೊದಲು

ಪ್ರೋಗ್ರಾಮು ಮುಟ್ಟುವ ಪ್ರತಿ ಡಿಸ್ಕಿನಲ್ಲೂ ಕನ್ನಡ ಹೆಸರಿನ ಒಂದು ಸಣ್ಣ ಫೈಲು ಮಾಡಿ. ಅಂಗಡಿಯವರ ಯೂಸರಿನಲ್ಲಿ, ನಿಜವಾಗಿ ಓಡಿಸುವ ರೀತಿಯಲ್ಲೇ, ಅಂದರೆ ಕ್ರಾನ್ ಇದ್ದರೆ ಕ್ರಾನಿನಿಂದಲೇ ಅದನ್ನು ಕಳಿಸಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿಹೋದದ್ದು ಇಲ್ಲಿ ಲೆಕ್ಕಕ್ಕಿಲ್ಲ. ಆಮೇಲೆ ಅದನ್ನು ವಾಪಸ್ ತರುವ ಕೆಲಸವನ್ನು ನೀವು ಮಾಡಬೇಡಿ, ಅಂಗಡಿಯಲ್ಲಿ ಕೂರುವ ಹುಡುಗನ ಕೈಯಲ್ಲಿ ಮಾಡಿಸಿ. ತೊಂದರೆ ಬಂದ ದಿನ ಅಲ್ಲಿರುವವನು ಅವನೇ ಅಲ್ವಾ?

ತಾನಾಗಿ ಖಾಲಿಯಾಗುವ ಸೆಟ್ಟಿಂಗನ್ನೂ ನೋಡಿ. ಗ್ನೋಮಿನ ಪ್ರೈವಸಿ ವಿಭಾಗದಲ್ಲಿ ಹಳೆಯ ಟ್ರ್ಯಾಶ್ ಅಳಿಸುವ ಸ್ವಿಚ್ ಇದೆ, ವಿಂಡೋಸಿನಲ್ಲಿ ಸ್ಟೋರೇಜ್ ಸೆನ್ಸ್ ಇದೆ. ಆನ್ ಆಗಿದ್ದರೆ, ಯಾರೂ ಬದಲಾಯಿಸದ ಹೊರತು, ಎರಡರಲ್ಲೂ ಅವಧಿ 30 ದಿನ. ಮಾಘದಲ್ಲಿ ಅಳಿಸಿದ ಡಿಸೈನನ್ನು ಗಿರಾಕಿ ವೈಶಾಖದಲ್ಲಿ ಕೇಳಿಕೊಂಡು ಬರುವ ಕಸುಬು ಇದು. ಎರಡನ್ನೂ ಆಫ್ ಮಾಡಿಸಿ, ಟ್ರ್ಯಾಶ್ ಖಾಲಿ ಮಾಡುವುದನ್ನು ಅಂಗಡಿಯವರೇ ಒಂದೊಂದಾಗಿ ನೋಡಿಕೊಂಡು ಮಾಡಲಿ.